ಆಗಸ್ಟ್ ಹಾಳೆ

ಶ್ರಾವಣ ಹುಟ್ಟಿ ಹನ್ನೆರಡು ದಿನ. ಮಳೆ ಬಿಟ್ಟು ಎರಡು ದಿನವಾಗಿ ನೆಲ ಹದಕ್ಕೆ ಬಂದಿತ್ತು. ಕೊಡ್ಲಿಯ ತೊಗರಿ ಹೊಲಗಳಲ್ಲೆಲ್ಲ ಹೆಂಗಸರ ಸಾಲುಗಳು ಕಳೆಗೆ ಕೂತಿದ್ದವು. ಒಂದೊಂದು ಹೊಲದಿಂದಲೂ ಮಾತು, ನಗು, ಬೈಗುಳ ಎದ್ದು ಗಾಳಿಗೆ ತೇಲಿ ಬರುತ್ತಿತ್ತು. ಉಮಾದೇವಿಯ ಹೊಲದಲ್ಲಿ ಮಾತ್ರ ಎರಡೇ ಕುರ್ಪಿಗಳ ಸಪ್ಪಳ.

ಮುಯ್ಯಿಯ ಪ್ರಕಾರ ಅಂದು ಆರು ಮಂದಿ ಬರಬೇಕಾಗಿತ್ತು. ಹಿಂದಿನ ವಾರವೆಲ್ಲ ಅವಳು ಆರು ಜನರ ಹೊಲದಲ್ಲೂ ಒಂದೊಂದು ದಿನ ಸೊಂಟ ಬಗ್ಗಿಸಿ ಬಂದಿದ್ದಳು. ಇವತ್ತು ಅವರು ತೀರಿಸುವ ಸರದಿ. ಬಂದವಳು ನೂರಜಹಾನ್ ಒಬ್ಬಳೇ.

“ಯಕ್ಕಾ, ಹಿಂಗ ಸಿಟ್ಟಿಲೆ ಕುರ್ಪಿ ಹಾಕಿದ್ರ ಕಳೀ ಜೋಡಿ ತೊಗರಿನೂ ಕಿತ್ತು ಬರ್ತದ ನೋಡು,” ಅಂದಳು ನೂರಜಹಾನ್.

“ಬರ್ಲಿ.”

“ಬರಂಗಿಲ್ಲ ಅಂತ ಹೇಳಿಯಾದ್ರೂ ಕಳಿಸಿದ್ರೇನು?”

“ಹೇಳಿ ಕಳಿಸಿದ್ರ ಮನುಷ್ಯಾರು ಅಂತಿದ್ದೆ. ನಸುಕಿನಾಗ ಬಾಗಲಕ್ಕ ಹೋಗಿ ಕರದ್ರ, ಕೂಸಿಗೆ ಜ್ವರ ಬಂದಾವ ಅಂತಾಳ ಒಬ್ಬಾಕಿ. ಆ ಕೂಸು ಅಂಗಳದಾಗ ನಾಯಿಮರಿ ಬಾಲ ಹಿಡಿದು ಜಗ್ಗಾಕತ್ತಿತ್ತು.”

ನೂರಜಹಾನ್ ನಕ್ಕಳು. ಆಮೇಲೆ ಒಂದಿಷ್ಟು ಕಳೆ ಕಿತ್ತು ಹಿಂದಕ್ಕೆ ಎಸೆದಳು. “ನನಗ ನಿನ್ನ ಮ್ಯಾಲ ರವಾದಷ್ಟೂ ಅನುಮಾನ ಇಲ್ಲ. ಆದ್ರ ಖರೇ ಹೇಳ್ತೀನಿ, ಸಿಟ್ಟಿಗೇಳಬ್ಯಾಡ. ನೀ ಕೊಟ್ಟ ಅಣಬಿ ನಮ್ಮತ್ತಿ ತಿಪ್ಪಿಗೆ ಚೆಲ್ಲ್ಯಾಳ.”

ಉಮಾದೇವಿ ತಲೆ ಎತ್ತಲಿಲ್ಲ. ನೂರಜಹಾನಳ ಅತ್ತೆಯಾದರೂ ಚೆಲ್ಲಿ ಬಟ್ಟಲು ತೊಳೆದು ಕೊಟ್ಟಿದ್ದಳು. ಓಣಿಯ ಉಳಿದ ಆರು ಮನೆಗಳಿಂದ ಬಟ್ಟಲು ಹೋದ ಹಾಗೆಯೇ, ಅಣಬೆ ತುಂಬಿಕೊಂಡೇ ವಾಪಸು ಬಂದಿದ್ದವು. ಕಟ್ಟೆಯ ಮೇಲೆ ಇಟ್ಟು ಹೋಗಿದ್ದರು. ಹುತ್ತದ ಅಣಬೆಯಲ್ಲಿ ಮೊದಲ ಸಲ ಕಿತ್ತದ್ದನ್ನು ಉಮಾದೇವಿಯ ಮನೆಯವರು ಮಾರುತ್ತಿರಲಿಲ್ಲ, ತಾವೂ ಉಣ್ಣುತ್ತಿರಲಿಲ್ಲ. ಓಣಿಗೆ ಹಂಚಿ ಮರುದಿನದಿಂದ ತಮ್ಮದು. ಅತ್ತೆ ಹಾಗೆ ನಡೆಸಿಕೊಂಡು ಬಂದಿದ್ದಳು, ಅತ್ತೆಯ ನಂತರ ಉಮಾದೇವಿ ಇಪ್ಪತ್ತೆಂಟು ವರ್ಷ ನಡೆಸಿದ್ದಳು. ಯಾವ ಬದುವಿನ ಯಾವ ಹುತ್ತ ಯಾವ ಮಳೆಗೆ ಒಡೆಯುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತು ಎನ್ನುವುದು ಊರಿಗೆ ಗೊತ್ತಿತ್ತು. ಯಾರೇ ಅಣಬೆ ಕಂಡರೂ ಮೊದಲು ಸೆರಗಿನಲ್ಲಿ ಕಟ್ಟಿಕೊಂಡು ಬಂದು ಅವಳ ಮುಂದೆ ಬಿಚ್ಚುತ್ತಿದ್ದರು. ಅವಳು ಮೂಸಿ, ತಿರುವಿ, ಹೂಂ ಅಂದರೆ ಒಲೆಗೆ, ಉಹೂಂ ಅಂದರೆ ತಿಪ್ಪೆಗೆ.

ಈ ಸಲ ಭಾಗಣ್ಣನ ಸೊಸೆ ಅವಳ ಹತ್ತಿರ ಬಂದಿರಲಿಲ್ಲ. ಶಹಾಬಾದಿನ ಹುಡುಗಿ, ಫರಸಿ ಕಲ್ಲಿನ ಊರಲ್ಲಿ ಬೆಳೆದವಳು. ತಿಪ್ಪೆಯ ಪಕ್ಕದ ಹುಲ್ಲಿನಲ್ಲಿ ಎದ್ದಿದ್ದ ಬಿಳಿ ಅಣಬೆಗಳನ್ನು ಕಿತ್ತು ತಂದು, ಗೋಡೆಯ ಕ್ಯಾಲೆಂಡರಿನ ಚಿತ್ರದ ಪಕ್ಕ ಹಿಡಿದು ನೋಡಿದ್ದಳು. ಒಂದೇ ಥರ. ಚಿತ್ರದ ಕೆಳಗೆ ‘ಹುತ್ತದ ಅಣಬೆ. ತಿನ್ನಲು ಯೋಗ್ಯ. ಮಾಹಿತಿ: ಉಮಾದೇವಿ, ಕೊಡ್ಲಿ’ ಎಂದಿತ್ತು. ಭಾಗಣ್ಣನ ಮುದುಕಿ ತಾಯಿ ಅನುಮಾನ ಮಾಡಿದಾಗ ಅವಳು ಓದಿ ಹೇಳಿದ್ದೂ ಅದನ್ನೇ. ಉಮಾದೇವಿ ಹೇಳಿದ ಮೇಲೆ ಮುಗಿಯಿತು. ಮನೆಯ ನಾಲ್ಕು ಮಂದಿ ಉಂಡು, ಎರಡು ತಾಸಿನೊಳಗೆ ನಾಲ್ಕೂ ಮಂದಿ ವಾಂತಿ ಮಾಡುತ್ತಾ ಟಮ್‌ಟಮ್‌ನಲ್ಲಿ ಚಿಂಚೋಳಿ ದವಾಖಾನೆ ಸೇರಿದ್ದರು. ಐದು ವರ್ಷದ ಮೊಮ್ಮಗಳಿಗೆ ಮೂರು ದಿನ ಸಲೈನ್ ಹಚ್ಚಿದ್ದರು.

ದವಾಖಾನೆಯಿಂದ ಬಂದ ದಿನವೇ ಭಾಗಣ್ಣ, ನಿಲ್ಲಲು ತ್ರಾಣವಿಲ್ಲದಿದ್ದರೂ, ಆ ಕ್ಯಾಲೆಂಡರನ್ನು ಮೊಳೆಯಿಂದ ಕಿತ್ತು ತಂದು ಅವಳ ಅಂಗಳಕ್ಕೆ ಎಸೆದಿದ್ದ. “ಓದಕ್ಕಾ. ನಿನ್ನ ಹೆಸರs ಅದ ಅಲ್ಲಾ? ನಮ್ಮನ್ನ ಕೊಲ್ಲಾಕ ಹೆಸರು ಕೊಟ್ಟೀಯೇನು?”

ಅದೇ ಕ್ಯಾಲೆಂಡರ್ ಅವಳ ಮನೆಯ ಗೋಡೆಗೂ ಇತ್ತು. ಸೇಡಂನ ಗೊಬ್ಬರದ ಅಂಗಡಿಯವರು, ಅಲ್ಲಿಯ ರಘುವೀರ ಮಾಸ್ತರರು ತೆಗೆದ ಅಣಬೆ ಫೋಟೊ ಹಾಕಿಸಿ, ಜನವರಿಯಲ್ಲಿ ಊರ ತುಂಬ ಹಂಚಿದ್ದು. ಒಳಗೆ ಒಂದು ಹಾಳೆಯಲ್ಲಿ ನಿನ್ನ ಹೆಸರಿದೆ ಎಂದು ಯಾರೋ ಹೇಳಿದಾಗ ಅವಳು ಕುಂಕುಮ ಹಚ್ಚಿ ಗೋಡೆಗೆ ಹಾಕಿದ್ದಳು. ಆದರೆ ತಿಂಗಳು ಹುಟ್ಟುವ ಮೊದಲೇ ಹಾಳೆ ತಿರುವಿ ನೋಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಆಗಸ್ಟ್ ಹುಟ್ಟಿದಾಗ ಕಳೆಯ ಗಡಿಬಿಡಿಯಲ್ಲಿ ಜುಲೈ ಹಾಳೆಯೇ ಉಳಿದಿತ್ತು. ಭಾಗಣ್ಣ ಎಸೆದ ಮೇಲೆಯೇ ಅವಳು ಆ ಚಿತ್ರ ಕಂಡದ್ದು. ಕಂಡ ಕೂಡಲೇ ಗುರುತು ಹಿಡಿದಿದ್ದಳು, ಅಣಬೆಯನ್ನಷ್ಟೇ ಅಲ್ಲ, ಆ ದಿನವನ್ನೂ.

ಉಮಾದೇವಿ ಕುರ್ಪಿಯನ್ನು ನೆಲಕ್ಕೆ ಚುಚ್ಚಿ ಎದ್ದು ನಿಂತಳು.

“ನಾ ಸೇಡಂಗೆ ಹೋಗಿ ಬರ್ತೀನಿ.”

“ಈಗs?”

“ಈಗ.”

“ಕಳೀ?”

“ಬೆಳೀಲಿ.”

ಮನೆಯಲ್ಲಿ ಗಂಡ ಬಸವಲಿಂಗ ಎತ್ತಿನ ಹಗ್ಗ ಹೊಸೆಯುತ್ತಿದ್ದ. ಅವಳು ಕೈಕಾಲು ತೊಳೆದು, ಸೀರೆ ಬದಲಿಸಿ, ಕ್ಯಾಲೆಂಡರ್ ಸುರುಳಿ ಸುತ್ತಿ ಬಗಲಿಗೆ ಇಟ್ಟುಕೊಂಡದ್ದನ್ನು ನೋಡಿ, ಎಲ್ಲಿಗೆ ಎಂದು ಕೇಳಲೂ ಇಲ್ಲ.

“ಅವರು ನೌಕರಿ ಮಂದಿ, ಓದಿದ ಮಂದಿ. ಅವರ ಜೋಡಿ ಜಗಳಾ ತಗದು ನಿನಗೇನ್ ಸಿಗ್ತದ?”

“ನನ್ನ ಬಾಯಿ ನನಗ ಸಿಗ್ತದ. ಇಷ್ಟು ದಿನ ಅವರ ಹಾಳಿಮ್ಯಾಲ ಅದ.”

ಬಸ್ಸಿನಲ್ಲಿ ಆಧಾರ್ ಕಾರ್ಡು ತೋರಿಸಿ ಕಿಟಕಿಯ ಪಕ್ಕ ಕೂತಳು. ಹೆಸರುಕಾಳಿನ ಹೊಲಗಳಲ್ಲಿ ಕಾಯಿ ಬಿಡಿಸುವವರು ಬಗ್ಗಿದ್ದರು. ಆಚೆಗೆ ಸಿಮೆಂಟ್ ಫ್ಯಾಕ್ಟರಿಯ ಹೊಗೆ ಮೋಡಕ್ಕೆ ಅಂಟಿ ನಿಂತಿತ್ತು. ತೊಡೆಯ ಮೇಲಿನ ಹಾಳೆಯನ್ನು ಬಿಚ್ಚಿ ಬಿಚ್ಚಿ ನೋಡಿದಳು.

ರಘುವೀರ ಮಾಸ್ತರರು ಮೂರು ವರ್ಷದಿಂದ ಬರುತ್ತಿದ್ದರು. ಚಿತ್ತಾಪುರದ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವರು. ಮಳೆಗಾಲದ ಒಂದು ಐತವಾರವನ್ನೂ ಬಿಡದೆ, ಮೋಟಾರ್ ಸೈಕಲ್ಲಿಗೆ ಕ್ಯಾಮೆರಾ ಚೀಲ ಕಟ್ಟಿಕೊಂಡು ಅಣಬೆ ಹುಡುಕಿ ಹೊರಡುತ್ತಿದ್ದರು. ದಂಡೋತಿಯಲ್ಲಿ ಕಾಗಿಣಾ ದಂಡೆಯ ಕೊಳೆತ ಜಾಲಿ, ವಾಡಿಯ ರೈಲು ಹಳಿಯ ಬದಿಯ ಮರದ ದಿಮ್ಮಿ, ಶಹಾಬಾದಿನ ಪಾಳು ಬಿಟ್ಟ ಕಲ್ಲಿನ ಖಣಿ, ಚಿಂಚೋಳಿಯ ಕಾಡು, ಎಲ್ಲವನ್ನೂ ಹೊಟ್ಟೆಯ ಮೇಲೆ ತೆವಳಿ ನೋಡಿದವರು. ಕೊಡ್ಲಿಗೆ ಬಂದರೆ ಅವರಿಗೆ ಉಮಾದೇವಿಯೇ ದಾರಿ. ಅವರು ಕೆಸರಲ್ಲಿ ಬೋರಲು ಮಲಗಿ ಉಸಿರು ಹಿಡಿದು ಫೋಟೊ ತೆಗೆಯುವುದನ್ನು ಕಂಡು ಹೊಲದ ಹೆಂಗಸರು, “ಸರು ಅಣಬಿಗೆ ದೀಡ ನಮಸ್ಕಾರ ಹಾಕಾಕತ್ತಾರ ನೋಡ್ರೇ” ಎಂದು ನಗುತ್ತಿದ್ದರು. ಬೆರಳ ತುದಿಯಷ್ಟಿದ್ದ ಕೆಂಪು ಅಣಬೆಯೊಂದನ್ನು ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಅವಳಿಗೆ ತೋರಿಸಿದಾಗ, ಇಷ್ಟು ವರ್ಷ ಕಾಲಲ್ಲಿ ತುಳಿದದ್ದು ಇದನ್ನೇ ಏನು ಅನ್ನಿಸಿತ್ತು ಅವಳಿಗೆ.

ಹೋದ ವರ್ಷ, ಇದೇ ದಿನಗಳು. ಅವರು ಬರುವುದು ತಡವಾಗಿ, ದೊಡ್ಡ ಹುತ್ತದ ಅಣಬೆಗಳನ್ನು ದನ ಕಾಯುವವರು ಕಿತ್ತು ಹೋಗಿದ್ದರು. ಉಳಿದದ್ದು ಮುರಿದ ಒಂದೆರಡು ಕಾಲು. ಮೋಡ ಸರಿದು ಬಿಸಿಲು ಹುತ್ತದ ಮೇಲೆ ಬಿದ್ದಿತ್ತು. ಮಾಸ್ತರರು ಅತ್ತಿತ್ತ ನೋಡಿ, ಹುಲ್ಲಿನಲ್ಲಿದ್ದ ಅಂಗೈಯಗಲದ ಬಿಳಿಯದೊಂದನ್ನು ಮೆಲ್ಲಗೆ ಕಿತ್ತು ತಂದು ಹುತ್ತದ ಸಂದಿಗೆ ಊರಿದ್ದರು.

“ಅದು ಅಲ್ಲಿದಲ್ರಿ ಸರಾ,” ಅಂದಿದ್ದಳು ಅವಳು. “ಅದಕ್ಕ ಕೊರಳಾಗ ಬಳೀ ಅದ, ನೆತ್ತಿಮ್ಯಾಲ ಮೊನೀ ಇಲ್ಲ. ತಿಂದ್ರ ಕರುಳು ಕಿತ್ತು ಬರ್ತದ.”

“ಇರ್ಲಿ ಉಮಕ್ಕಾ. ಖಾಲಿ ಚಂದಕ್ಕ.”

ಅವಳು ನಕ್ಕಿದ್ದಳು. ಬಿಸಿಲು ಜಾಸ್ತಿಯಾಯಿತು ಎಂದಾಗ ಸೆರಗನ್ನು ಅಡ್ಡ ಹಿಡಿದಿದ್ದಳು ಸಹ.

ಸೇಡಂನಲ್ಲಿ ಇಳಿದು ವಿಳಾಸ ಕೇಳುತ್ತಾ ಹೋದಾಗ ಬಾಗಿಲು ತೆರೆದವರು ಮಾಸ್ತರರ ತಾಯಿ ಸೀತಾಬಾಯಿ. ಬಾಳೆಎಲೆ ಒರೆಸುತ್ತಿದ್ದ ಕೈ ಹಾಗೇ ಇತ್ತು.

“ಯಾರು ಬೇಕಾಗಿತ್ತವಾ?”

“ಮಾಸ್ತರ್‍ರು. ಕೊಡ್ಲಿಯಿಂದ ಬಂದೀನಿ.”

“ಬಾ, ಒಳಗ ಬಾ. ರಘು, ಯಾರೋ ಬಂದಾರ ನೋಡು. ಬಿಸಲಾಗ ಬಂದಾಳ, ನೀರು ತರ್ತೀನಿ ಕೂಡವಾ.”

ಉಮಾದೇವಿ ಕೂಡಲಿಲ್ಲ. ಶಾಲೆಗೆ ರಜೆಯಿತ್ತೋ ಏನೋ, ಮಾಸ್ತರರು ಲುಂಗಿಯಲ್ಲೇ ಹೊರಗೆ ಬಂದರು. ಅವಳನ್ನು ಕಂಡು ಅವರ ಮುಖ ಅರಳಿತು. “ಅರೇ ಉಮಕ್ಕಾ! ಹುತ್ತ ಒಡದಾವೇನು? ಈ ಐತವಾರ ನಾನs ಬರಾವಿದ್ದೆ.”

ಅವಳು ಹಾಳೆಯನ್ನು ನೆಲದ ಮೇಲೆ ಹಾಸಿ, ಎರಡು ತುದಿಗೆ ಎರಡು ಕಾಲು ಇಟ್ಟಳು, ಸುರುಳಿಯಾಗದ ಹಾಗೆ. ಭಾಗಣ್ಣನ ಮನೆಯ ಸುದ್ದಿ ಹೇಳಿದಳು. ಸೇರಿಸದೆ, ಬಿಡದೆ, ಎಷ್ಟು ಆಗಿತ್ತೋ ಅಷ್ಟು. ಮಾಸ್ತರರು ಗೋಡೆಗೆ ಕೈ ಕೊಟ್ಟು ಕೂತರು.

“ಕೂಸು ಹೆಂಗದ ಈಗ?”

“ಜೀವಕ್ಕೇನಿಲ್ಲ. ನನಗ ಇದನ್ನ ಹೇಳ್ರಿ. ಇದನ್ಯಾಕ ಹಾಕಿದ್ರಿ?”

“ಖರೇ ಹುತ್ತದ ಅಣಬಿ ಫೋಟೊ ಮಂಜಾಗಿತ್ತು ಉಮಕ್ಕಾ. ಹನ್ನೆರಡು ಹಾಳಿಗೆ ಒಂದು ಕಮ್ಮಿ ಬಿತ್ತು. ಇದು ಭಾಳ ಚಂದ ಬಂದಿತ್ತು. ಹುತ್ತದ ಮ್ಯಾಲ ಅದ ಅಲ್ಲಾ, ಯಾರಿಗೆ ಗೊತ್ತಾಗ್ತದ ಅಂದ್ಕೊಂಡೆ.” ಅವರು ಬಗ್ಗಿ ಹಾಳೆಯ ಅಂಚಿನ ಮೇಲೆ ಬೆರಳಿಟ್ಟರು. “ಇಲ್ಲಿ ನೋಡ್ರಿ, ಬರದೀನಿ. ತಜ್ಞರ ಸಲಹೆ ಇಲ್ಲದೆ ಸೇವಿಸಬಾರದು ಅಂತ.”

ಇರುವೆ ಸಾಲಿನಂಥ ಅಕ್ಷರ. ಉಮಾದೇವಿ ಅದರ ಮೇಲೆ ಹೆಬ್ಬೆರಳು ಒತ್ತಿದಳು.

“ತಜ್ಞರು ಯಾರ್‍ರಿ? ಮ್ಯಾಲ ದೊಡ್ಡ ಅಕ್ಷರದಾಗ ಹೆಸರು ಹಾಕೀರಲ್ಲ, ನಾನs ಅಲ್ಲೇನು ಅವರಿಗೆ ತಜ್ಞರು?”

ನೀರಿನ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಸೀತಾಬಾಯಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

“ರಘು, ಇದನ್ನ ನೀ ಒಮ್ಮಿಯಾದ್ರೂ ತಿಂದೀಯೇನೋ?”

“ಇಲ್ಲವಾ. ನಮ್ಮನ್ಯಾಗ ಯಾರು ತಿಂತಾರ?”

“ನಿಮ್ಮಪ್ಪ ತಿಂದಿಲ್ಲ, ನಿಮ್ಮಜ್ಜ ತಿಂದಿಲ್ಲ. ಈ ಮನಿ ಹೊಸ್ತಿಲಾ ದಾಟಿಲ್ಲ ಅದು. ತಾನು ತಿನ್ನಲಾರದ್ದಕ್ಕ ತಿನ್ನಲು ಯೋಗ್ಯ ಅಂತ ಹೆಂಗ ಬರದ್ಯೋ?”

“ಉಮಕ್ಕ ಹೇಳಿದ್ದನ್ನ ಬರದೆ…”

“ಆಕಿ ಹೇಳಿದ್ದು ಇದಕ್ಕಲ್ಲ ಅಂತ ಈಗs ನಿನ್ನ ಬಾಯಿಲೆ ಅಂದಿ.” ಮುದುಕಿ ತಂಬಿಗೆಯನ್ನು ಉಮಾದೇವಿಯ ಕೈಗೇ ಕೊಟ್ಟರು. “ನೀ ಏನ್ ಬೇಕಂತ ಬಂದೀಯವಾ?”

ಮಾಸ್ತರರು ಅಡ್ಡ ಬಂದರು. ವಾಟ್ಸಾಪ್ ಗ್ರೂಪುಗಳಲ್ಲಿ ಇವತ್ತೇ ಹಾಕುತ್ತೇನೆ, ಗೊಬ್ಬರದ ಅಂಗಡಿಯವರಿಗೆ ಹೇಳಿ ತಿದ್ದುಪಡಿ ಚೀಟಿ ಮಾಡಿಸುತ್ತೇನೆ, ದವಾಖಾನೆಯ ಖರ್ಚು ಎಷ್ಟಾದರೂ ನನ್ನದು ಅಂದರು.

“ರೊಕ್ಕ ಭಾಗಣ್ಣಗ ಕೊಡ್ರಿ, ಬಿಡ್ರಿ, ನನಗ ಸಂಬಂಧ ಇಲ್ಲ,” ಅಂದಳು ಉಮಾದೇವಿ. “ನನಗ ಒಂದs ಮಾತು ಬೇಕು. ಅವನ ಮನಿ ಮುಂದ ನಿಂತು, ಇದನ್ನ ಹುತ್ತದ ಮ್ಯಾಲ ನಾ ಇಟ್ಟೀನಿ ಅನ್ರಿ. ಅಷ್ಟೇ. ಈಗಿನ ಬಸ್ಸಿಗೆ ನಡೀರಿ.”

“ನಾಳಿಗೆ ಗಾಡಿ ತಗೊಂಡು ಬರ್ತೀನಿ ಉಮಕ್ಕಾ.”

“ಬಸ್ಸಿಲೆ ಬರ್ರಿ. ನನ್ನ ಜೋಡಿ.”

ಸೀತಾಬಾಯಿ ಮಗನ ಅಂಗಿಯನ್ನು ಗೂಟದಿಂದ ತೆಗೆದು ಅವರ ಹೆಗಲ ಮೇಲೆ ಎಸೆದರು.

ಹಿಂದಿರುಗುವಾಗ ಅವಳು ಹೆಂಗಸರ ಸೀಟಿನಲ್ಲಿ, ಅವರು ಎರಡು ಸೀಟು ಹಿಂದೆ. ಅರ್ಧ ದಾರಿಗೆ ಎದ್ದು ಬಂದು, ಕಂಬಿ ಹಿಡಿದು ಬಗ್ಗಿ ತಗ್ಗಿದ ದನಿಯಲ್ಲಿ ಹೇಳಿದರು: “ಉಮಕ್ಕಾ, ಬರೋ ವರ್ಷ ನನಗ ಹೆಡ್‌ಮಾಸ್ತರ್ ಆಗೋದದ. ಯಾರರೆ ಕಂಪ್ಲೇಂಟ್ ಕೊಟ್ರ…” ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಅವರು ತಮ್ಮ ಸೀಟಿಗೆ ಹೋದರು.

ಊರು ಮುಟ್ಟಿದಾಗ ಹೊಲದವರೆಲ್ಲ ಮನೆಗೆ ಬರುವ ಹೊತ್ತು. ಮಾಸ್ತರರು ಬಂದಿದ್ದಾರೆಂದು ಓಣಿಗೆ ಓಣಿಯೇ ಭಾಗಣ್ಣನ ಅಂಗಳದಲ್ಲಿ ಕೂಡಿತು. ಬಸ್ಸು ಮುಂದೆ ಹೋಗಿ ತಿರುಗಿ ಬರಲು ಅರ್ಧ ತಾಸು. ಯಾರೋ ಪ್ಲಾಸ್ಟಿಕ್ ಖುರ್ಚಿ ತಂದು ಟವೆಲಿನಿಂದ ಒರೆಸಿದರು. ಇನ್ಯಾರೋ ಚಹಾಕ್ಕೆ ಕೂಗಿದರು. ಮಾಸ್ತರರು ಚಪ್ಪಲಿ ಕೆಳಗೆ ಬಿಟ್ಟು ಕಟ್ಟೆ ಹತ್ತಿ ಖುರ್ಚಿಯಲ್ಲಿ ಕೂತರು. ಕಟ್ಟೆಯ ಮೂಲೆಯಲ್ಲಿ ಭಾಗಣ್ಣನ ತಾಯಿ ಕಂಬಳಿ ಹೊದ್ದು ಕೂತಿದ್ದಳು. ಸೂಜಿ ಚುಚ್ಚಿದ ಕೈ ಇನ್ನೂ ಊದಿತ್ತು. ಸೊಸೆ ಮಗಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಉಮಾದೇವಿ ಕಟ್ಟೆ ಹತ್ತಲಿಲ್ಲ. ಚಪ್ಪಲಿಗಳ ಗುಂಪಿನ ನಡುವೆಯೇ ನಿಂತಳು. ಅವಳ ಅಕ್ಕಪಕ್ಕದಲ್ಲಿ ಒಂದು ಮಾರು ಜಾಗ ಬಿಟ್ಟು ಉಳಿದವರು ನಿಂತರು.

ಮಾಸ್ತರರು ಗಂಟಲು ಸರಿಮಾಡಿಕೊಂಡರು.

“ನೋಡಿ, ಕ್ಯಾಲೆಂಡರ್ ಮುದ್ರಣದ ಸಂದರ್ಭದಲ್ಲಿ, ಚಿತ್ರಗಳ ಆಯ್ಕೆಯಲ್ಲಿ ಸ್ವಲ್ಪ ಕಣ್ತಪ್ಪಾಗಿದೆ. ಇದರಿಂದ ತಮಗೆ ತೊಂದರೆ ಉಂಟಾಗಿದೆ. ಅದಕ್ಕಾಗಿ ವಿಷಾದ ವ್ಯಕ್ತಪಡಿಸಲಾಗುತ್ತದೆ.”

ಉಮಾದೇವಿಗೆ ಆ ಭಾಷೆಯ ಪರಿಚಯವಿತ್ತು. ಝಂಡಾ ಹಾರಿಸುವಾಗ ಕೇಳಿದ್ದಳು, ಪಂಚಾಯ್ತಿಯ ನೋಟಿಸಿನಲ್ಲಿ ಓದಿಸಿಕೊಂಡಿದ್ದಳು. ಅದರಲ್ಲಿ ಯಾರೂ ಏನನ್ನೂ ಮಾಡುವುದಿಲ್ಲ. ಎಲ್ಲವೂ ತಾನಾಗಿ ಆಗಿರುತ್ತದೆ.

“ಅಯ್ಯ, ನಿಮ್ದೇನ್ ತಪ್ಪದರಿ ಸರಾ,” ಅಂದ ಭಾಗಣ್ಣ. ದವಾಖಾನೆಯಲ್ಲಿ ಇಳಿದ ಅವನ ಗಲ್ಲ ಮಾತಾಡುವಾಗ ಒಳಗೆ ಹೋಗುತ್ತಿತ್ತು. “ತೋರಿಸಿದವರು ತೋರಿಸ್ಯಾರ, ನೀವು ಫೋಟೊ ತಗದೀರಿ. ಇಷ್ಟು ದೂರ ಬಂದು ಕೇಳಿದ್ರಲ್ಲ, ಅದs ದೊಡ್ಡದು. ಚಾ ತಗೋರಿ, ಆರ್ತದ.”

ಜನ ಹೌದು ಹೌದು ಅಂತ ತಲೆ ಆಡಿಸಿದರು. ಮಾಸ್ತರರು ಚಹಾದ ಗ್ಲಾಸಿಗೆ ಕೈ ಚಾಚಿದರು.

“ಸರಾ,” ಅಂದಳು ಉಮಾದೇವಿ. “ನಿಮ್ಮವ್ವನ ಮುಂದ ಏನಂದ್ರಿ ಅದನ್ನ ಅನ್ರಿ.”

“ಅದನ್ನs ಹೇಳಿದ್ನಲ್ಲ ಉಮಕ್ಕಾ…”

“ಅದನ್ನ ಹೇಳಿಲ್ಲ ನೀವು.”

“ಏ, ಸಾಕು ಬಿಡಬೇ ಇನ್ನ,” ಹಿಂದಿನಿಂದ ಯಾರೋ ಗದರಿದರು. “ದೊಡ್ಡೋರ ಮುಂದ ಹೆಂಗ ಮಾತಾಡಾಕತ್ತಾಳ ನೋಡು.”

ಉಮಾದೇವಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

“ಕೇಳ್ರಿ ಎಲ್ಲಾರೂ. ಈ ಫೋಟೊದಾಗ ಇರೋ ಅಣಬಿ ಹುತ್ತದಾಗ ಹುಟ್ಟಿಲ್ಲ. ಹುಲ್ಲಿನಾಗಿಂದ ಕಿತ್ತು ತಂದು ಹುತ್ತದ ಮ್ಯಾಲ ಇಟ್ಟದ್ದು ಅದು. ಇಡೂಮುಂದ ನಾನೂ ಅಲ್ಲೇ ಇದ್ದೆ. ಅಲ್ಲಿದಲ್ಲ ಅಂದೆ, ಅಂದು ಮತ್ತ ನಕ್ಕೆ. ಬಿಸಲಿಗೆ ಸೆರಗು ಅಡ್ಡ ಹಿಡಿದಾಕಿ ನಾನು. ಹೆಸರು ಬಂದದಂತ ಹಿಗ್ಗಿ ಗ್ವಾಡಿಗೆ ಹಾಕ್ಕೊಂಡೆ, ಒಳಗೇನದ ಅಂತ ಏಳು ತಿಂಗಳು ತಿರುವಿ ನೋಡ್ಲಿಲ್ಲ. ನೋಡಿದ್ರ ಈ ಕೂಸು ದವಾಖಾನಿ ಮುಖಾ ನೋಡ್ತಿರಲಿಲ್ಲ.” ಅವಳು ಸೊಸೆಯ ಕಡೆ ತಿರುಗಿದಳು. “ತಪ್ಪಾತವಾ. ನಿನ್ನ ಮುಂದ ಒಪ್ಕೊಳ್ತೀನಿ. ನಂದು ಇಷ್ಟು.”

ಸೊಸೆ ಮಗಳನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಹೊಸ್ತಿಲಿನಿಂದ ಹೊರಗೆ ಬಂದಳು. “ಹಂಗಾದ್ರ ಅದನ್ನ ಇಟ್ಟವರು ಯಾರು ಚಿಗವ್ವಾ?”

“ಅದನ್ನ ನಾ ಹೇಳಂಗಿಲ್ಲ. ಇಟ್ಟವರ ಬಾಯಿಲೆ ಬರ್ಲಿ.”

ಅಂಗಳದ ಜನವೆಲ್ಲ ಒಬ್ಬೊಬ್ಬರಾಗಿ ಖುರ್ಚಿಯ ಕಡೆ ನೋಡಿದರು. ಭಾಗಣ್ಣ ಕೊನೆಗೆ ನೋಡಿದ. ಮಾಸ್ತರರು ಗ್ಲಾಸನ್ನು ತುಟಿಗೆ ತಂದವರು ಕುಡಿಯದೆ ಕೆಳಗಿಟ್ಟರು. ಬಾಯಿ ತೆರೆದರು. ಕಂಬಳಿಯೊಳಗಿಂದ ಮುದುಕಿ ಕಿವಿಯನ್ನು ಇತ್ತ ಮಾಡಿದಳು. ಊರ ಅಗಸೆಬಾಗಿಲ ಹತ್ತಿರ ಬಸ್ಸಿನ ಹಾರ್ನ್ ಎರಡು ಸಲ ಆಯಿತು.

“ಕಡೀ ಬಸ್ಸು,” ಅಂದರು ಮಾಸ್ತರರು. “ತಪ್ಪಿದ್ರ ಮತ್ತ ಇಲ್ಲ.”

ಕಟ್ಟೆ ಇಳಿದು ಚಪ್ಪಲಿ ಹುಡುಕತೊಡಗಿದರು. ಹತ್ತಿಪ್ಪತ್ತು ಜೋಡು ಒಂದರ ಮೇಲೊಂದು ಬಿದ್ದಿದ್ದವು. ಬಗ್ಗಿ ಒಂದನ್ನು ಎತ್ತಿದರು, ಅದು ಅವರದಲ್ಲ. ಇನ್ನೊಂದನ್ನು ಕಾಲಿನಿಂದ ಸರಿಸಿದರು. ಹಾರ್ನ್ ಮತ್ತೆ ಆಯಿತು. ಅವರ ಕಂದು ಬಣ್ಣದ ಚಪ್ಪಲಿಗಳು ಉಮಾದೇವಿಯ ಕಾಲ ಬುಡದಲ್ಲಿ, ಎಲ್ಲರಿಗೂ ಕಾಣುವ ಹಾಗೆ ಇದ್ದವು. ಅವಳು ಹೇಳಲಿಲ್ಲ. ಭಾಗಣ್ಣನೂ ಹೇಳಲಿಲ್ಲ. ಮಾಸ್ತರರು ಬಗ್ಗಿಕೊಂಡೇ ಅತ್ತ ಹೋಗಿ ಇತ್ತ ಬಂದರು. ಜನ ಅವರಿಗೆ ಹುಡುಕಲು ಒಂದೊಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟರು.